ಮಹಾಪೂರದ ಗೆರೆ ಎಲ್ಲಿಯವರೆಗೆ?

ಬಾಗಲಕೋಟೆಯವರಿಗೆ 519.60 ಎಂಬ ಅಂಕಿ ಬಾಯಿಪಾಠ. ಆಲಮಟ್ಟಿ ಜಲಾಶಯ ತುಂಬಿದಾಗ ನೀರು ನಿಲ್ಲುವ ಮಟ್ಟವದು, ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂಬ ಲೆಕ್ಕದಲ್ಲಿ. ಹಳೆಯ ಊರಿನ ಓಣಿಗಳು ಹಿನ್ನೀರಿಗೆ ಹೋದದ್ದು, ನವನಗರ ಎದ್ದದ್ದು ಇಂಥ ಅಂಕಿಗಳನ್ನು ಹಿಡಿದೇ. ನಿಂತ ನೀರಿನ ಗೆರೆ ಎಳೆಯುವುದು ಸುಲಭ. ಅದು ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಹರಿಯುವ ಮಹಾಪೂರ ಹಾಗಲ್ಲ. ಹೊಳೆಯ ಇಳಿಜಾರಿನೊಂದಿಗೆ ಇಳಿಯುತ್ತ, ಸೇತುವೆ ಅಡ್ಡ ಬಂದಲ್ಲಿ ಏರುತ್ತ, ಪಾತ್ರ ಇಕ್ಕಟ್ಟಾದಲ್ಲಿ ಹೊಲಗಳಿಗೆ ನುಗ್ಗುತ್ತದೆ. ಬಾದಾಮಿ, ಹುನಗುಂದ ಭಾಗದ ಮಲಪ್ರಭೆಯ ದಂಡೆಗೆ ಬೇಕಾಗಿರುವುದು ಈ ಎರಡನೆಯ ಗೆರೆ.

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಅಣೆಕಟ್ಟು. ಅದರ ಕೆಳಗೆ ಹೊಳೆ ವರ್ಷದ ಬಹುಕಾಲ ಸೊರಗಿರುತ್ತದೆ. ಪಾತ್ರದಲ್ಲಿ ಹೂಳು, ಜಾಲಿ, ಅಲ್ಲಲ್ಲಿ ಉಳುಮೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆ ಬಯಲುಸೀಮೆಯ ಮೇಲೆಯೇ ಸುರಿಯಿತು. ಅಣೆಕಟ್ಟಿನ ಕೆಳಗೆ ಹೊಳೆ ಸೇರುವ ಬೆಣ್ಣೆಹಳ್ಳದಂಥ ಹಳ್ಳಗಳಿಗೆ ನವಿಲುತೀರ್ಥದ ಗೇಟು ಲಗಾಮು ಹಾಕಲಾರದು. 2019ರ ಆಗಸ್ಟ್‌ನಲ್ಲಿ ಘಟ್ಟದ ಕಡೆ ಭಾರೀ ಮಳೆ. ತುಂಬಿದ ಅಣೆಕಟ್ಟಿನಿಂದ ನೀರು ಬಿಡಲಾಯಿತು. ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ ನೀರು ಹೊಕ್ಕಿತು. ಎರಡು ಪೂರಗಳು ಬಂದ ದಾರಿ ಬೇರೆ ಬೇರೆ. ನಕಾಶೆಯಲ್ಲಿ ಎರಡೂ ಇರಬೇಕು.

ಇದಕ್ಕೆ ಬೇಕಾದ ಮಾಹಿತಿ ಇಲ್ಲವೆಂದಲ್ಲ, ಅದು ಬೇರೆ ಬೇರೆ ಕಪಾಟುಗಳಲ್ಲಿದೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರಗಳಿಂದ ಮುಳುಗಡೆಯನ್ನು ಗುರುತಿಸುತ್ತದೆ. ರೇಡಾರ್ ಉಪಗ್ರಹಕ್ಕೆ ಮೋಡ ಅಡ್ಡಿಯಲ್ಲ. ಆದರೆ ಅದು ಹಾದುಹೋದ ಗಳಿಗೆಯ ನೀರಷ್ಟೇ ಚಿತ್ರದಲ್ಲಿ ಕಾಣುತ್ತದೆ. ನಡುರಾತ್ರಿ ಏರಿ ಬೆಳಗಿಗೆ ಇಳಿದದ್ದು ತಪ್ಪಿಹೋಗಬಹುದು. ಸರ್ವೆ ಆಫ್ ಇಂಡಿಯಾದ, ಒಂದು ಸೆಂಟಿಮೀಟರ್‌ಗೆ ಅರ್ಧ ಕಿಲೋಮೀಟರ್ ಪ್ರಮಾಣದ ನಕಾಶೆಯಲ್ಲಿ ಎತ್ತರದ ಗೆರೆಗಳ ಅಂತರ ಸಾಮಾನ್ಯವಾಗಿ 20 ಮೀಟರ್. ಇಳಕಲ್ಲಿನ ನೇಕಾರರ ಕುಣಿಮಗ್ಗ ನಿಲ್ಲಲು ಹಳ್ಳದ ನೀರು ಒಂದು ಅಡಿ ಹೊಕ್ಕರೂ ಸಾಕು! ಭೂಮಾಪನ ಇಲಾಖೆಯ ಗ್ರಾಮನಕಾಶೆಯಲ್ಲಿ ಸರ್ವೆ ನಂಬರು ಇದೆ, ಎತ್ತರವಿಲ್ಲ. ನೀರು ಯಾರ ಮನೆಯ ಕಟ್ಟೆಯವರೆಗೆ ಬಂತೆಂಬುದು ಬಹುಪಾಲು ಊರಿನವರ ನೆನಪಿನಲ್ಲಿಯೇ ಉಳಿದಿದೆ.

ಪೂರದ ಬಯಲನ್ನು ವಲಯಗಳಾಗಿ ವಿಂಗಡಿಸಿ, ಎಲ್ಲಿ ಏನು ಕಟ್ಟಬಾರದೆಂದು ಗೊತ್ತುಪಡಿಸುವ ಮಾದರಿ ಮಸೂದೆಯನ್ನು ಕೇಂದ್ರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ 1978ರಲ್ಲಿ ಕಾಯ್ದೆ ಮಾಡಿತು. ಆಮೇಲೆ ಮುಂದೆ ಬಂದದ್ದು ಬೆರಳೆಣಿಕೆಯ ರಾಜ್ಯಗಳು. ಭೂಮಿ ರಾಜ್ಯಪಟ್ಟಿಯ ವಿಷಯವಾದ್ದರಿಂದ ಕೇಂದ್ರ ಸಲಹೆ ಕೊಡಬಹುದು, ಗೆರೆ ಜಾರಿಗೊಳಿಸಬೇಕಾದದ್ದು ರಾಜ್ಯವೇ. ಹಿಂಜರಿಕೆಗೂ ಕಾರಣವುಂಟು. ಗೆರೆಯೊಳಗೆ ಬಿದ್ದ ಜಾಗದ ಬೆಲೆ ಇಳಿಯುತ್ತದೆ, ಮನೆಗೆ ಪರವಾನಗಿ ಸಿಗುವುದು ಕಷ್ಟವಾಗುತ್ತದೆ. 2009ರ ನಂತರ ‘ಆಸರೆ’ ಮನೆಗಳು ಎದ್ದರೂ ಹೊಲ ದೂರವಾಗುತ್ತದೆಂದು ಹಳೆಯ ಊರು ಬಿಡದವರಿದ್ದಾರೆ. ಅವರನ್ನು ಹಟಮಾರಿಗಳೆಂದು ಬೈದರೆ ಪ್ರಯೋಜನವಿಲ್ಲ.

‘ನೂರು ವರ್ಷಕ್ಕೊಮ್ಮೆ ಬರುವ ಪೂರ’ ಎಂಬ ಮಾತು ಬೇರೆ ದಾರಿ ತಪ್ಪಿಸುತ್ತದೆ. ಅದರ ಅರ್ಥ, ಯಾವುದೇ ವರ್ಷ ಅಂಥ ಪೂರ ಬರುವ ಸಂಭವ ನೂರಕ್ಕೆ ಒಂದು ಎಂದಷ್ಟೇ. ಲೆಕ್ಕ ಹಾಕಿದರೆ, 30 ವರ್ಷ ಬಾಳುವ ಮನೆ ಅದನ್ನು ಒಮ್ಮೆಯಾದರೂ ಕಾಣುವ ಸಂಭವ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಈ ವರ್ಷ ಬಂದು ಹೋಯಿತೆಂದು ಮುಂದಿನ ವರ್ಷ ಹೊಳೆ ರಜೆ ಹಾಕುವುದಿಲ್ಲ.

ಕೆಲಸವನ್ನು ಹಂಚಿಕೊಂಡರೆ ನಕಾಶೆ ಅಸಾಧ್ಯವೇನಲ್ಲ. ಗ್ರಾಮ ಪಂಚಾಯಿತಿಗಳು 2009, 2019ರ ನೀರಿನ ಗುರುತುಗಳನ್ನು ಶಾಲೆ, ಪಂಚಾಯಿತಿ ಕಟ್ಟಡಗಳ ಗೋಡೆಯ ಮೇಲೆ ಇಸವಿಸಹಿತ ಬರೆಸಲಿ. ಭೂಮಾಪಕರು ಅವುಗಳ ಎತ್ತರ ಅಳೆಯಲಿ. ಕೇಂದ್ರದ ಸಂಸ್ಥೆಗಳು ಉಪಗ್ರಹ ಚಿತ್ರದೊಂದಿಗೆ ತಾಳೆ ನೋಡಿ, ಸರ್ವೆ ನಂಬರು ಸಹಿತ ನಕಾಶೆ ಸಿದ್ಧಪಡಿಸಲಿ. ಅದನ್ನು ಗ್ರಾಮಸಭೆಯಲ್ಲಿಟ್ಟು ತಕರಾರು ಕೇಳಿದ ಮೇಲೆಯೇ ಗೆರೆ ಕಾಯಂ ಆಗಲಿ; ಪ್ರತಿ ದೊಡ್ಡ ಪೂರದ ನಂತರ ಅದನ್ನು ತಿದ್ದಲಿ. ಗೋಡೆಗೆ ಒಮ್ಮೆ ಸುಣ್ಣ ಬಳಿದರೆ ನೀರಿನ ಗುರುತು ಅಳಿಯುತ್ತದೆ. 2009ರ ನೀರು ಎಲ್ಲಿಯವರೆಗೆ ಬಂದಿತ್ತೆಂದು ಬೆರಳಿಟ್ಟು ತೋರಿಸುವ ಹಿರಿಯರು ಊರಿನಲ್ಲಿರುವಾಗಲೇ ಈ ಕೆಲಸ ಆಗಬೇಕು.