ಹೊಗೆಯ ಲೆಕ್ಕ ಯಾರು ಕೊಡಬೇಕು?

ಶಾಲೆಗೆ ಇನ್ಸ್‌ಪೆಕ್ಟರು ಬರುವ ದಿನ, ತಪ್ಪು ಲೆಕ್ಕ ಬರೆದ ಹುಡುಗ ಏನು ಮಾಡುತ್ತಾನೆಂಬುದು ಮೇಷ್ಟರಿಗೆಲ್ಲ ಗೊತ್ತು. ಬಾಗಿಲಲ್ಲಿ ಬೂಟಿನ ಸದ್ದಾಗುತ್ತಲೇ ಅಂಗೈಯಿಂದ ಹಲಗೆಯನ್ನು ಒರೆಸಿಬಿಡುತ್ತಾನೆ. ತಪ್ಪು ಕಾಣಿಸದು, ನಿಜ. ಆದರೆ ಉತ್ತರವೂ ಕಾಣಿಸದು. ವಿವೇಕಿಯಾದ ಇನ್ಸ್‌ಪೆಕ್ಟರು ಖಾಲಿ ಹಲಗೆಗೆ ಅಂಕ ಕೊಡುವುದಿಲ್ಲ, ಬೆತ್ತವನ್ನೂ ಎತ್ತುವುದಿಲ್ಲ. "ಕೂತು ಇನ್ನೊಮ್ಮೆ ಮಾಡು" ಎನ್ನುತ್ತಾರೆ.

ಮೋಟಾರು ವಾಹನಗಳ ಹೊಗೆ ತಪಾಸಣೆಯ ಪ್ರಶ್ನೆಯೂ ಇಂದು ಇಲ್ಲಿಗೇ ಬಂದು ನಿಂತಿದೆ. ಅಮೆರಿಕದಲ್ಲಿ 1996ರ ಮಾದರಿಯಿಂದೀಚೆಗೆ ಮಾರಾಟವಾದ ಪ್ರತಿಯೊಂದು ಹೊಸ ಕಾರಿನಲ್ಲಿಯೂ ಎಂಜಿನ್ನಿನ ಕೆಲಸವನ್ನು ಕಾಯುವ ಕಂಪ್ಯೂಟರ್ ವ್ಯವಸ್ಥೆ ಇದೆ. ಇದಕ್ಕೆ ಒ.ಬಿ.ಡಿ. ಎಂದು ಹೆಸರು. 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ಗಾಡಿಗಳಲ್ಲಿಯೂ ಇಂಥದೇ ವ್ಯವಸ್ಥೆಯುಂಟು. ಹೊಗೆಯನ್ನು ಶುದ್ಧಿಮಾಡುವ ಭಾಗಗಳಲ್ಲಿ ಎಲ್ಲಿಯಾದರೂ ದೋಷ ಕಂಡರೆ ಅದು ದೋಷದ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಚಾಲಕನ ಮುಂದೆ ಹಳದಿ ದೀಪವನ್ನು ಹೊತ್ತಿಸುತ್ತದೆ.

ಈ ಕಂಪ್ಯೂಟರ್ ಕೆಲವು ಪರೀಕ್ಷೆಗಳನ್ನು ಎಡೆಬಿಡದೆ ನಡೆಸುತ್ತದೆ. ಸಿಲಿಂಡರಿನಲ್ಲಿ ಕಿಡಿ ತಪ್ಪಿತೇ, ಇಂಧನದ ಪ್ರಮಾಣ ಸರಿಯಿದೆಯೇ ಎಂಬುವು ಅಂಥವು. ಬೇರೆ ಕೆಲವಕ್ಕೆ ಸಮಯ ಸಂದರ್ಭ ಕೂಡಿಬರಬೇಕು. ಪೆಟ್ರೋಲಿನ ಆವಿ ಸೋರುತ್ತಿದೆಯೇ ಎಂದು ನೋಡಬೇಕಾದರೆ ಎಂಜಿನ್ ರಾತ್ರಿಯೆಲ್ಲ ನಿಂತು ತಣ್ಣಗಾಗಿರಬೇಕು, ಟ್ಯಾಂಕು ತುಂಬಿಯೂ ಇರಬಾರದು, ಬರಿದಾಗಿಯೂ ಇರಬಾರದು. ಹೊಗೆ ಶುದ್ಧಿಯ ಕ್ಯಾಟಲಿಟಿಕ್ ಕನ್ವರ್ಟರಿನ ಪರೀಕ್ಷೆಗೆ ಗಾಡಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಬೇಕು. ಒಂದೊಂದು ಪರೀಕ್ಷೆ ಮುಗಿದಂತೆ "ಸಿದ್ಧ" ಎಂಬ ಗುರುತು ಬೀಳುತ್ತದೆ. ಮೆಕ್ಯಾನಿಕ್ ಬ್ಯಾಟರಿಯ ತಂತಿ ಕಳಚಿದರೆ ದೀಪವೇನೋ ಆರಬಹುದು. ಅದರೊಡನೆ ಈ ಗುರುತುಗಳೂ ಅಳಿಸಿಹೋಗುತ್ತವೆ. ಹಲಗೆ ಒರೆಸಿದಂತೆಯೇ ಸರಿ.

ಆದುದರಿಂದಲೇ ಅಮೆರಿಕದ ತಪಾಸಣೆಯವರು ದೀಪ ಆರಿದೆಯೆಂದ ಮಾತ್ರಕ್ಕೆ ಒಪ್ಪುವುದಿಲ್ಲ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಸೂಚನೆಯಂತೆ, 1996ರಿಂದ 2000ದವರೆಗಿನ ಮಾದರಿಗಳಲ್ಲಿ ಎರಡು, 2001ರಿಂದೀಚಿನವುಗಳಲ್ಲಿ ಒಂದು ಪರೀಕ್ಷೆ ಮಾತ್ರ ಬಾಕಿಯಿರಬಹುದು. ಕ್ಯಾಲಿಫೋರ್ನಿಯಾ ಇನ್ನೂ ಬಿಗಿ. 2019ರ ಜುಲೈಯಿಂದ ಅಲ್ಲಿ ಬ್ಯಾಟರಿ ಕಳಚಿದರೂ ಅಳಿಯದ ಶಾಶ್ವತ ದೋಷಸಂಖ್ಯೆಯನ್ನೂ ನೋಡುತ್ತಾರೆ. ದುರಸ್ತಿ ಸರಿಯಾಗಿದೆಯೆಂದು ಕಂಪ್ಯೂಟರಿಗೇ ಮನವರಿಕೆಯಾದ ಮೇಲಷ್ಟೇ ಅದು ಮಾಯವಾಗುತ್ತದೆ.

ಈ ನಿಯಮ ತತ್ತ್ವದಲ್ಲಿ ನ್ಯಾಯವಾದುದೆಂದೇ ನಾವು ಹೇಳುತ್ತೇವೆ. ಹೊಗೆ ಕುಡಿಯುವವರು ಯಾರು? ಗಾಜು ಏರಿಸಿ ಕಾರಿನಲ್ಲಿ ಕುಳಿತವರಲ್ಲ. ಪಾಳಿ ಮುಗಿಸಿ ನಡೆದು ಬರುವ ಗಿರಣಿ ಕಾರ್ಮಿಕ, ಬೆಳಗಿನಿಂದ ರಾತ್ರಿಯವರೆಗೆ ರಸ್ತೆಯ ಬದಿಯ ಅಂಗಡಿಯಲ್ಲಿ ಕೂರುವ ವ್ಯಾಪಾರಿ. ಆದರೆ ನಿಯಮದ ಭಾರ ಯಾರ ಹೆಗಲ ಮೇಲೆ ಬೀಳುತ್ತದೆಂಬುದನ್ನೂ ನೋಡಬೇಕು. ಹಳೆಯ ಬ್ಯಾಟರಿ ಸತ್ತು ಹೊಸದನ್ನು ಹಾಕಿಸಿದ ಪ್ರಾಮಾಣಿಕನ ಹಲಗೆಯೂ ಖಾಲಿಯೇ. ಅವನು ತಪ್ಪು ಮಾಡಿಲ್ಲ. ಆದರೂ ಕೆಲವು ದಿನ ಗಾಡಿ ಓಡಿಸಿ ಮತ್ತೆ ಬರಬೇಕು. ಬಾಡಿಗೆ ಗಾಡಿಯವನಿಗೆ ತಪಾಸಣೆಗೆಂದು ಹೋದ ದಿನವೆಂದರೆ ಅನ್ನ ಹೋದ ದಿನ.

ಇನ್ನು ದೊಡ್ಡವರ ಹಲಗೆಯನ್ನು ನೋಡೋಣ. 2015ರ ಸೆಪ್ಟೆಂಬರ್ 18ರಂದು ಅಮೆರಿಕ ಸರಕಾರ ಫೋಕ್ಸ್‌ವ್ಯಾಗನ್ ಕಂಪನಿಗೆ ನೋಟೀಸು ಕೊಟ್ಟಿತು. ತಪಾಸಣೆ ನಡೆದಿದೆಯೆಂದು ತಿಳಿದಾಗ ಮಾತ್ರ ಹೊಗೆಯನ್ನು ಶುದ್ಧಿಮಾಡುವ ಕಳ್ಳ ವಿದ್ಯೆಯನ್ನು ಅದರ ಡೀಸೆಲ್ ಕಾರುಗಳ ಕಂಪ್ಯೂಟರಿಗೇ ಕಲಿಸಲಾಗಿತ್ತು. ರಸ್ತೆಗಿಳಿದಾಗ ನೈಟ್ರೋಜನ್ ಆಕ್ಸೈಡುಗಳು ಮಿತಿಯ 40 ಪಟ್ಟಿನವರೆಗೂ ಏರುತ್ತಿದ್ದವು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಗಾಡಿಗಳಲ್ಲಿ ಈ ತಂತ್ರಾಂಶವಿದ್ದುದನ್ನು ಕಂಪನಿಯೇ ಒಪ್ಪಿತು. ಅಂಥ ಕಾರುಗಳು ತಪಾಸಣೆಯಲ್ಲಿ ಸಲೀಸಾಗಿ ತೇರ್ಗಡೆಯಾಗುತ್ತಿದ್ದವು! ಮೋಸಕ್ಕೆ ಮೊದಲ ಸುಳಿವು ಸಿಕ್ಕಿದ್ದು, ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ಕಾರಿನಲ್ಲಿಯೇ ಅಳತೆಯ ಯಂತ್ರ ಹೇರಿ ರಸ್ತೆಯಲ್ಲಿ ಓಡಿಸಿ ನೋಡಿದಾಗ. 2017ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 280 ಕೋಟಿ ಡಾಲರ್ ಅಪರಾಧ ದಂಡಕ್ಕೆ ಒಳಗಾಯಿತು. ಚಿಕ್ಕವನು ಹಲಗೆ ಒರೆಸಿದರೆ ಮರುದಿನವೇ ಸಿಕ್ಕಿಬೀಳುತ್ತಾನೆ. ದೊಡ್ಡವನು ಸುಳ್ಳು ಹಲಗೆಯನ್ನೇ ಅಚ್ಚುಹಾಕಿಸಿದರೆ ಹಿಡಿಯಲು ವರ್ಷಗಳು ಬೇಕಾಗುತ್ತವೆ.

ನಮ್ಮ ದೇಶದ ಹೊಗೆ ತಪಾಸಣಾ ಕೇಂದ್ರಗಳ ಪದ್ಧತಿ ಹಳೆಯದು. ಕೊಳವೆಗೆ ನಳಿಕೆ ತೂರಿಸಿ, ಪೆಟ್ರೋಲ್ ಗಾಡಿಯಾದರೆ ನಿಂತಲ್ಲಿಯೇ ಕಾರ್ಬನ್ ಮಾನಾಕ್ಸೈಡ್ ಮೊದಲಾದುವನ್ನೂ, ಡೀಸೆಲ್ ಗಾಡಿಯಾದರೆ ಹೊಗೆಯ ಕಪ್ಪನ್ನೂ ಅಳೆಯುತ್ತಾರೆ. ನೈಟ್ರೋಜನ್ ಆಕ್ಸೈಡುಗಳ ಲೆಕ್ಕವೇ ಅಲ್ಲಿಲ್ಲ. ದಂಡವೋ, 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿಯವರೆಗೂ ಹೋಗಬಹುದು. ಅಳತೆ ಹಳೆಯದು, ದಂಡ ಮಾತ್ರ ಹೊಸದು!

ಗಾಡಿಯ ಕಂಪ್ಯೂಟರನ್ನೂ ಓದುವ ಪದ್ಧತಿ ನಮ್ಮಲ್ಲಿಗೂ ಬರಲಿ. ಆದರೆ ನಾಲ್ಕು ಮಾತುಗಳನ್ನು ಸರಕಾರ ಮೊದಲೇ ಒಪ್ಪಿಕೊಳ್ಳಬೇಕು. "ಸಿದ್ಧವಿಲ್ಲ" ಎಂಬುದು ಅಪರಾಧವಲ್ಲ. ಅದಕ್ಕೆ ದಂಡ ಕೂಡದು. ಯಾವ ಪರೀಕ್ಷೆ ಬಾಕಿಯಿದೆಯೆಂಬುದನ್ನು ಕನ್ನಡದಲ್ಲಿ ಚೀಟಿ ಬರೆದುಕೊಟ್ಟು, ಮರು ತಪಾಸಣೆಯನ್ನು ಉಚಿತವಾಗಿ ಮಾಡಬೇಕು. ದೋಷಸಂಖ್ಯೆಯನ್ನು ಓದುವ ಸಲಕರಣೆ, ದುರಸ್ತಿಯ ಮಾಹಿತಿ ಕಂಪನಿಯ ವರ್ಕ್‌ಶಾಪಿನ ಸೊತ್ತಾಗದೆ ಬೀದಿಯ ಮೆಕ್ಯಾನಿಕ್ಕಿಗೂ ಎಟುಕಬೇಕು. ಕ್ಯಾಲಿಫೋರ್ನಿಯಾದಲ್ಲಿರುವಂತೆ ಕಡಿಮೆ ವರಮಾನದವರಿಗೆ ದುರಸ್ತಿಯ ನೆರವು ಸಿಗಬೇಕು. 2023ರ ಏಪ್ರಿಲ್‌ನಿಂದ ಹೊಸ ಕಾರುಗಳನ್ನು ರಸ್ತೆಯ ಮೇಲೆಯೇ ಅಳೆಯುವ ನಿಯಮ ನಮ್ಮಲ್ಲಿಯೂ ಬಂದಿದೆ, ಒಳ್ಳೆಯದೇ. ಆ ಅಳತೆಯ ಫಲಿತಾಂಶ ಕಂಪನಿಯ ಕಡತದಲ್ಲಿ ಕೂರದೆ ಜನರ ಮುಂದೆ ಬರಬೇಕು.

ನಮ್ಮ ಓದುಗರಿಗೂ ಒಂದು ಮಾತು. ಹಳದಿ ದೀಪ ಹೊತ್ತಿದರೆ ಅದನ್ನು ಆರಿಸಲು ದುಡ್ಡು ಕೊಡಬೇಡಿ, ದೋಷವನ್ನು ತಿದ್ದಿಸಲು ಕೊಡಿ. ನಾವು ನಮ್ಮ ಹಲಗೆಯನ್ನು ನೆಟ್ಟಗೆ ತೋರಿಸಿದರೆ ಮಾತ್ರ, ಕಾರ್ಖಾನೆಯ ಒಡೆಯರನ್ನು "ನಿಮ್ಮದನ್ನೂ ತೋರಿಸಿ" ಎಂದು ಕೇಳುವ ಬಾಯಿ ನಮಗಿರುತ್ತದೆ.