ಕ್ಯಾನ್ಸರಿಗೆ ಕಾರಣ ಕರ್ಮವೇ?

ನಮ್ಮ ಹೈದರಾಬಾದಿನ ರೆಡ್ ಹಿಲ್ಸ್‌ನಲ್ಲಿರುವ ಮೆಹದಿ ನವಾಜ್ ಜಂಗ್ ಸರಕಾರಿ ಕ್ಯಾನ್ಸರ್ ಆಸ್ಪತ್ರೆಯು 1955ರಿಂದ ರೋಗಿಗಳ ಸೇವೆಯಲ್ಲಿದೆ. ಆದರೂ ಈ ರೋಗವನ್ನು ಪೂರ್ವಜನ್ಮದ ಕರ್ಮವೆಂದು ಬಗೆದು, ನಾಚಿ, ಮರೆಮಾಚುವವರು ನಮ್ಮಲ್ಲಿ ಇನ್ನೂ ಉಂಟು. ಇದು ಪ್ರಾಣಕ್ಕೇ ಎರವಾಗುವ ಅಜ್ಞಾನವೆಂದು ನಾವು ಭಾವಿಸುತ್ತೇವೆ.

ಜೀವಕೋಶದ ವಂಶವಾಹಿಗಳು ಕೆಟ್ಟು, ಕೋಶಗಳು ಅಂಕೆ ಮೀರಿ ಬೆಳೆಯುವುದೇ ಕ್ಯಾನ್ಸರು. ಅದಕ್ಕೆ ಕಾರಣ ಒಂದಲ್ಲ, ಹಲವು. ಆ ಕೇಡು ಕೆಲವರಿಗೆ ಹುಟ್ಟಿನೊಡನೆಯೇ ಬರುವುದು. ಕೋಶವು ಇಬ್ಭಾಗವಾಗುವಾಗ ಆಕಸ್ಮಿಕವಾಗಿಯೂ ಸಂಭವಿಸುವುದು. ಹೆಪಟೈಟಿಸ್ ಬಿ ವೈರಸ್ಸು ಯಕೃತ್ತಿಗೂ, ಪ್ಯಾಪಿಲೋಮಾ ವೈರಸ್ಸು ಗರ್ಭಕೋಶದ ಕೊರಳಿಗೂ ಈ ರೋಗವನ್ನು ತರಬಲ್ಲವು. ಹೊಗೆಸೊಪ್ಪಿನ ಕೇಡನ್ನು ಎಲ್ಲರೂ ಬಲ್ಲರು. ನಮ್ಮ ನಾಡಿನ ಅಡಕೆಯನ್ನು 2004ರಲ್ಲಿಯೂ, ಹೊರಗಾಳಿಯ ಮಾಲಿನ್ಯವನ್ನು 2013ರಲ್ಲಿಯೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್‌ಕಾರಕವೆಂದು ಸಾರಿತು.

ಬೀಡಿ ಮುಟ್ಟದವರಿಗೂ ಈ ರೋಗ ಬರಬಹುದು. ಆದುದರಿಂದ ರೋಗಿಯನ್ನು ಪಾಪಿಯೆಂದು ಕಾಣುವುದು ಅನ್ಯಾಯ. ಹಾಗೆಂದು ಎಲ್ಲವನ್ನೂ ವಿಧಿಗೆ ಬಿಡುವುದೂ ಸಲ್ಲದು. ಹುಟ್ಟೂ ಆಕಸ್ಮಿಕವೂ ನಮ್ಮ ವಶದಲ್ಲಿಲ್ಲ. ಗುಟ್ಕಾ, ಜರ್ದಾಗಳನ್ನು ತೊರೆಯುವುದು, ಆ ಎರಡು ವೈರಸ್ಸುಗಳಿಗೆ ಲಸಿಕೆ ಪಡೆಯುವುದು ನಮ್ಮ ವಶದಲ್ಲಿವೆ.

ವಿದ್ಯಾರ್ಥಿಗಳೇ, ಶಾಲೆಯ ದಾರಿಯಲ್ಲಿ ಪಾನ್ ಡಬ್ಬಾದ ಚೀಟಿಗಳು ನಿಮ್ಮನ್ನು ಕರೆದಾವು, ಕೈ ಚಾಚದಿರಿ. ಮೂರು ವಾರ ಕಳೆದರೂ ಮಾಯದ ಹುಣ್ಣು ಮನೆಯವರ ಬಾಯಲ್ಲಿ ಕಂಡರೆ, ಕರ್ಮವೆಂದು ಸುಮ್ಮನಿರದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮೊದಲಲ್ಲಿಯೇ ಕಂಡ ರೋಗವು ಗುಣವಾಗುವ ಸಂಭವ ಹೆಚ್ಚು. ನೀವು ಕಲಿತ ವಿಜ್ಞಾನವು ಮನೆಯವರ ಉಸಿರನ್ನು ಉಳಿಸಲಿ.