ಬೆಲ್ಟಿನ ದೀಪ ಮತ್ತು ಬಾಯಿ ಮುಚ್ಚಿಸುವ ಕೊಂಡಿ

ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ತಯಾರಾಗುವ ಕಾರುಗಳಲ್ಲಿ, ಚಾಲಕನೂ ಅವನ ಪಕ್ಕದಲ್ಲಿ ಕುಳಿತವರೂ ಸೀಟ್ ಬೆಲ್ಟ್ ಧರಿಸದಿದ್ದರೆ ದೀಪ ಬೆಳಗಿ ಸದ್ದು ಮಾಡುವ ವ್ಯವಸ್ಥೆ ಕಡ್ಡಾಯವಾಗಿದೆ. ಬೆಲ್ಟ್ ಹಾಕಿಕೊಂಡ ಮೇಲೂ ಆ ಸದ್ದು ನಿಲ್ಲದಿದ್ದರೆ? ನನ್ನ ಕಿವಿಗೆ ಬಿದ್ದಿರುವ ಪರಿಹಾರಗಳು ಎರಡೇ. ಒಂದು, ಬಕಲನ್ನು ಇಡಿಯಾಗಿ ಬದಲಿಸುವುದು. ಇನ್ನೊಂದು, ಬೆಲ್ಟಿಲ್ಲದ ಬರಿಯ ಲೋಹದ ಕೊಂಡಿಯೊಂದನ್ನು ಬಕಲಿಗೆ ಸಿಕ್ಕಿಸಿ ಸದ್ದಡಗಿಸುವುದು. ಮೊದಲನೆಯದರಿಂದ ಅನೇಕ ವೇಳೆ ಹಣ ದಂಡ. ಎರಡನೆಯದರಿಂದ ಪ್ರಾಣಕ್ಕೇ ಸಂಚಕಾರ. ದೋಷವೆಲ್ಲಿದೆಯೆಂದು ಹುಡುಕುವ ತಾಳ್ಮೆ ಮಾತ್ರ ಯಾರಿಗೂ ಇದ್ದಂತಿಲ್ಲ.

ಆ ಕೊಂಡಿಗಳ ಮಾರಾಟ ಎಷ್ಟು ಹಬ್ಬಿತ್ತೆಂದರೆ, 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಐದು ಆನ್‌ಲೈನ್ ಮಾರಾಟ ತಾಣಗಳ ಮೇಲೆ ಆದೇಶ ಹೊರಡಿಸಬೇಕಾಯಿತು. 13,118 ಮಾರಾಟ ಪುಟಗಳು ತೆಗೆದುಹಾಕಲ್ಪಟ್ಟವು. ಕೊಂಡಿ ಕೇವಲ ಸದ್ದನ್ನು ನಿಲ್ಲಿಸುತ್ತದೆಂದು ಭಾವಿಸಬಾರದು. ಅನೇಕ ಕಾರುಗಳಲ್ಲಿ ಬಕಲಿನ ಸಂದೇಶ ಏರ್‌ಬ್ಯಾಗ್ ನಿಯಂತ್ರಿಸುವ ಘಟಕಕ್ಕೂ ಹೋಗುತ್ತದೆ. ಕುಳಿತವನು ಬೆಲ್ಟ್ ಧರಿಸಿದ್ದಾನೆಂದು ನಂಬಿದ ಯಂತ್ರ ಅದಕ್ಕೆ ತಕ್ಕಂತೆಯೇ ತೀರ್ಮಾನಿಸುತ್ತದೆ. ಯಂತ್ರಕ್ಕೆ ಸುಳ್ಳು ಹೇಳಿ ಅದರಿಂದ ರಕ್ಷಣೆ ಬಯಸುವುದು ಎಂಥ ನ್ಯಾಯ?

ಈ ಕಿರಿಕಿರಿ ಹೊಸದೇನಲ್ಲ. ಅಮೆರಿಕದಲ್ಲಿ 1974ರ ಮಾದರಿಯ ಕಾರುಗಳು ಮುಂದಿನವರು ಬೆಲ್ಟ್ ಹಾಕದೆ ಚಾಲೂ ಆಗುತ್ತಲೇ ಇರಲಿಲ್ಲ. ಪಕ್ಕದ ಸೀಟಿನಲ್ಲಿ ದಿನಸಿಯ ಚೀಲವಿಟ್ಟರೂ ಕಾರು ಅದನ್ನು ಮನುಷ್ಯನೆಂದೇ ಎಣಿಸುತ್ತಿತ್ತು. ಜನ ರೇಗಿದರು, ಅದೇ ವರ್ಷ ಅಲ್ಲಿಯ ಸಂಸತ್ತು ಆ ಕಡ್ಡಾಯವನ್ನು ರದ್ದುಮಾಡಿತು.

ವ್ಯವಸ್ಥೆಯ ತಿರುಳು ಹತ್ತನೆಯ ತರಗತಿಯ ವಿದ್ಯುನ್ಮಂಡಲಕ್ಕಿಂತ ಹೆಚ್ಚೇನಲ್ಲ. ಬಕಲಿನೊಳಗೊಂದು ಸ್ವಿಚ್ಚು, ಅಥವಾ ಕಾಂತಕ್ಷೇತ್ರಕ್ಕೆ ಸ್ಪಂದಿಸುವ ಸೆನ್ಸರ್. ಪಕ್ಕದ ಸೀಟಿನ ಮೆತ್ತೆಯ ಕೆಳಗೆ ಭಾರವನ್ನರಿಯುವ ಹಾಸು. ಅಲ್ಲಿಂದ ಹೊರಟ ವೈರುಗಳು ಸೀಟಿನಡಿಯ ಕನೆಕ್ಟರ್ ದಾಟಿ ನಿಯಂತ್ರಣ ಘಟಕವನ್ನು ಸೇರುತ್ತವೆ. ಈ ದಾರಿಯಲ್ಲಿ ಎಲ್ಲಿ ದೋಷವಾದರೂ ಅನೇಕ ವೇಳೆ ಮುಂದೆ ಕಾಣುವುದು ಅದೇ ಒಂದು ಕೆಂಪು ದೀಪ. ಸ್ಕ್ಯಾನರ್ ತೋರಿಸುವ ಕೋಡ್ ಕೂಡ ಯಾವ ಮಂಡಲದಲ್ಲಿ ತೊಂದರೆಯಿದೆಯೆಂದು ಹೇಳುತ್ತದೆಯೇ ಹೊರತು ಯಾವ ಬಿಡಿಭಾಗ ಕೆಟ್ಟಿದೆಯೆಂದಲ್ಲ. ತರಗತಿಯಲ್ಲಿ ಗಲಾಟೆಯಾಯಿತೆಂದು ತಿಳಿದ ಮಾತ್ರಕ್ಕೆ ಮೊದಲ ಬೆಂಚಿನವನ ಕಿವಿ ಹಿಂಡುವುದು ಸರಿಯೇ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಮಳೆಗಾಲದಲ್ಲಿ ದೂರವಾಣಿ ಮಾಡಿ, "ಸಾರ್, ಬಕಲ್ ಬದಲಿಸಬೇಕಂತೆ, ಬದಲಿಸಲೇ?" ಎಂದು ಕೇಳಿದ. "ದೀಪ ಯಾವಾಗ ಹೊತ್ತುತ್ತದೆ, ಯಾವಾಗ ಆರುತ್ತದೆ ಎಂಬುದನ್ನು ಎರಡು ದಿನ ಗಮನಿಸಿ ಹೇಳಪ್ಪ" ಎಂದೆ. ಹುಡುಗ ಚುರುಕು. ತಾನು ಓಡಿಸುವಾಗ ದೀಪವಿಲ್ಲ, ಹೆಂಡತಿ ಸೀಟನ್ನು ಮುಂದಕ್ಕೆ ಸರಿಸಿಕೊಂಡು ಓಡಿಸಿದರೆ ದೀಪ ಬರುತ್ತದೆಂದು ತಿಳಿಸಿದ. ಬಕಲು ಸೀಟಿನೊಡನೆಯೇ ಸರಿಯುವಂಥದು; ಸೀಟು ಎಲ್ಲಿದ್ದರೇನು, ಬಕಲಿನೊಳಗಿನ ಸ್ವಿಚ್ಚಿಗೆ ಅದು ತಿಳಿಯದು. ಸೀಟು ಸರಿದಾಗ ಎಳೆತಕ್ಕೆ ಸಿಕ್ಕುವುದು ಕೆಳಗಿನ ವೈರು. ನೋಡಿಸಿದಾಗ ಕನೆಕ್ಟರಿನ ಪಿನ್ನೊಂದು ತೇವಕ್ಕೆ ಹಸಿರುಗಟ್ಟಿ ಸಡಿಲವಾಗಿತ್ತು. ಹೊಸ ಬಕಲ್ ಹಾಕಿದ್ದರೂ ದೀಪ ಹಾಗೆಯೇ ಇರುತ್ತಿತ್ತು.

ಗಮನಿಸಿದ ಮೇಲೆ ಅಳೆಯುವುದು. ಮೊದಲು ಫ್ಯೂಸ್, ಬಳಿಕ ಬಕಲಿನ ಬಾಯಿಯಲ್ಲಿ ನಾಣ್ಯವೋ ಮಕ್ಕಳು ಚೆಲ್ಲಿದ ಸಿಹಿಯ ಅಂಟೋ ಇದೆಯೇ ಎಂಬುದು, ಬಳಿಕ ಮಲ್ಟಿಮೀಟರ್. ಕೆಲವು ಕಾರುಗಳಲ್ಲಿ ಬೆಲ್ಟ್ ಹಾಕಿದಾಗ ಮಂಡಲ ಕೂಡುತ್ತದೆ, ಕೆಲವದರಲ್ಲಿ ಬಿಡುತ್ತದೆ, ಇನ್ನು ಕೆಲವದರಲ್ಲಿ ರೋಧದ ಮೌಲ್ಯವಷ್ಟೇ ಬದಲಾಗುತ್ತದೆ. ಆದ್ದರಿಂದ ಆ ಮಾದರಿಯ ಕೈಪಿಡಿ ನೋಡದೆ ಮೀಟರಿನ ಅಂಕಿಗೆ ಅರ್ಥವಿಲ್ಲ.

ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಸೀಟಿನಡಿಯಲ್ಲಿ ಹಳದಿ ಕನೆಕ್ಟರ್ ಕಂಡರೆ ಮೀಟರಿನ ಕಡ್ಡಿ ತಾಗಿಸಬೇಡಿ. ಸಾಮಾನ್ಯವಾಗಿ ಅದು ಏರ್‌ಬ್ಯಾಗಿಗೋ, ಅಪಘಾತದ ಕ್ಷಣದಲ್ಲಿ ಬೆಲ್ಟನ್ನು ಬಿಗಿಯುವ ಸಿಡಿಮದ್ದಿನ ಸಾಧನಕ್ಕೋ ಸೇರಿದ್ದು. ಮೀಟರಿನ ಅಲ್ಪ ವಿದ್ಯುತ್ತೂ ಅದನ್ನು ಸಿಡಿಸಬಹುದು. ಬ್ಯಾಟರಿ ಕಳಚಿ, ಕೈಪಿಡಿ ಹೇಳಿದಷ್ಟು ನಿಮಿಷ ಕಾದು, ಬಲ್ಲವರೇ ಮಾಡಬೇಕಾದ ಕೆಲಸವದು.

ಬಲ್ಲವರಲ್ಲಿಗೆ ಹೋದಾಗಲೂ ಸುಮ್ಮನೆ ಕುಳಿತಿರಬೇಡಿ. ಬಿಡಿಭಾಗ ಬದಲಿಸಬೇಕೆಂದರೆ, ಯಾವ ಎರಡು ಬಿಂದುಗಳ ನಡುವೆ ಅಳೆದಿರಿ, ಎಷ್ಟು ಬಂತು, ಎಷ್ಟು ಬರಬೇಕಿತ್ತು ಎಂದು ವಿನಯದಿಂದಲೇ ಕೇಳಿ. ಉತ್ತರ ಬಂದರೆ ಹಣ ಕೊಡಿ. ಬಾರದಿದ್ದರೆ ಕಾರನ್ನು ಬೇರೆಡೆಗೆ ಒಯ್ಯಿರಿ, ಬೆಲ್ಟ್ ಹಾಕಿಕೊಂಡೇ, ದೀಪ ಉರಿಯುತ್ತಿದ್ದರೂ ಚಿಂತೆಯಿಲ್ಲ.